ಕೈಕಟ್ಟು, ಬಾಯ್ಮುಚ್ಚು: ಶಾಲೆಯಿಂದ ಹಾಸ್ಟೆಲ್ಲಿಗೆ ಏನೇನು ತಂದಿರಿ?

ಹಾಸ್ಟೆಲ್ ಮೇಷ್ಟ್ರು | ಸೋಮವಾರ, ರಾತ್ರಿ 10:40

ನಾನು ಒಂದು ಯೂನಿವರ್ಸಿಟಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಜೊತೆಗೆ ಹುಡುಗರ ಹಾಸ್ಟೆಲ್ಲಿನ ವಾರ್ಡನ್. ಆ ಕೆಲಸ ಬೇರೆ ಯಾರಿಗೂ ಬೇಡವಾಗಿತ್ತು, ನನ್ನ ತಲೆಗೆ ಬಂತು.

ಕಳೆದ ವಾರ ರಾತ್ರಿ ಊಟದ ಹೊತ್ತಿಗೆ ಮೆಸ್ಸಿನ ಕಡೆ ಹೋಗಿದ್ದೆ. ಸಾಲು ಉದ್ದ ಇತ್ತು. ಮೂರನೇ ವರ್ಷದ ನಾಲ್ಕು ಹುಡುಗರು ಬಂದು ಸೀದಾ ಮುಂದೆ ನಿಂತರು. ಹಿಂದಿದ್ದ ಮೊದಲ ವರ್ಷದ ಹುಡುಗ ಏನೋ ಗೊಣಗಿದ. ಸೀನಿಯರ್ ತಿರುಗಿ ನೋಡಿದ, ಅಷ್ಟೆ. ಈ ಹುಡುಗ ತಟ್ಟೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೈಕಟ್ಟಿ ನಿಂತ. ಬಾಯಿ ಮೇಲೆ ಬೆರಳು ಬೇರೆ. ಹಾಗೆ ನಿಲ್ಲು ಅಂತ ಯಾರೂ ಹೇಳಿರಲಿಲ್ಲ. ಸಾಲಿನಲ್ಲಿದ್ದವರು ನಕ್ಕರು. ನನಗೆ ನಗು ಬರಲಿಲ್ಲ. 18 ವರ್ಷದ ಹುಡುಗ ಒಂದನೇ ಕ್ಲಾಸಿನ ಮಗುವಿನ ಹಾಗೆ ನಿಂತಿದ್ದ.

ಆಮೇಲೆ ಆ ನಾಲ್ವರನ್ನು ಕರೆಸಿದೆ. ಒಬ್ಬ ಹೇಳಿದ್ದು: ‘ಸರ್, ನಾವೇನು ರ‍್ಯಾಗಿಂಗ್ ಮಾಡಿಲ್ಲ. ಸುಮ್ನೆ ಡಿಸಿಪ್ಲಿನ್ ಕಲಿಸ್ತಾ ಇದ್ವಿ.’ ಮುಖ ನೋಡಿದರೆ ಸುಳ್ಳು ಹೇಳುತ್ತಿದ್ದಾನೆ ಅನಿಸಲಿಲ್ಲ. ಅವನ ಲೆಕ್ಕದಲ್ಲಿ ಅದು ಡಿಸಿಪ್ಲಿನ್ನೇ. ದೊಡ್ಡವರು ಮುಂದೆ, ಚಿಕ್ಕವರು ಹಿಂದೆ, ಮಾತಾಡಿದವರ ಹೆಸರು ಬೋರ್ಡಿನ ಮೇಲೆ. ಹತ್ತು ವರ್ಷ ಅವನು ನೋಡಿದ್ದು ಅದನ್ನೇ ಅಲ್ವಾ?

‘ಶಾಲೆಯಲ್ಲೇ ನಾಲ್ಕು ಒಳ್ಳೆ ಮಾತು ಹೇಳಿಕೊಟ್ಟಿದ್ದರೆ ಈ ಗಲಾಟೆ ಇರುತ್ತಿರಲಿಲ್ಲ’ ಅಂತ ನಮ್ಮ ಸ್ಟಾಫ್ ರೂಮಿನಲ್ಲಿ ವಾರಕ್ಕೊಮ್ಮೆಯಾದರೂ ಯಾರೋ ಒಬ್ಬರು ಹೇಳುತ್ತಾರೆ. ನನಗೋ, ಶಾಲೆ ಕಲಿಸಿದ್ದು ಅವರಿಗೆ ಚೆನ್ನಾಗಿಯೇ ನೆನಪಿದೆ ಅನಿಸಿತು. ಗೋಡೆ ಮೇಲೆ ಬರೆದ ಸುಭಾಷಿತ ಬಿಡಿ. ನಿಮ್ಮ ಶಾಲೆಯ ಯಾವ ಅಭ್ಯಾಸ ನಿಮ್ಮ ಜೊತೆ ಕಾಲೇಜಿಗೆ, ಹಾಸ್ಟೆಲ್ಲಿಗೆ ಬಂತು? ಅದರಿಂದ ಜಗಳ ಕಡಿಮೆ ಆಯಿತೋ, ಜಾಸ್ತಿ ಆಯಿತೋ? ಬರೆಯಿರಿ.

ನಲಿಕಲಿ ಟೀಚರ್ | ಸೋಮವಾರ, ರಾತ್ರಿ 11:25

ಮೇಷ್ಟ್ರೇ, ನಿದ್ದೆ ಕೆಡಿಸಿದಿರಿ. ಬಾಯಿ ಮೇಲೆ ಬೆರಳು ಇಡಿಸಿದವರಲ್ಲಿ ನಾನೂ ಒಬ್ಬಳು. 22 ವರ್ಷದಿಂದ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿದ್ದೇನೆ.

ಆದರೆ ನಮ್ಮಲ್ಲಿ ಇನ್ನೊಂದು ಕಥೆಯೂ ಇದೆ. ನಲಿಕಲಿ ನಿಮಗೆ ಗೊತ್ತಿರಬೇಕು, ಚಿಕ್ಕ ಮಕ್ಕಳು ಆಡುತ್ತ ಕಲಿಯುವ ಪದ್ಧತಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಯಿತು. 2009-10ರಲ್ಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೆ ಬಂತು. ಒಂದು, ಎರಡು, ಮೂರನೇ ತರಗತಿಯವರು ಒಂದೇ ಕೋಣೆಯಲ್ಲಿ. ಬೆಂಚಿಲ್ಲ. ಮಕ್ಕಳು ನೆಲದ ಮೇಲೆ ಗುಂಡಗೆ ಕೂರುತ್ತಾರೆ. ಆ ಗುಂಪುಗಳಿಗೆ ನಾವು ‘ತಟ್ಟೆ’ ಅನ್ನುತ್ತೇವೆ. ಒಂದು ತಟ್ಟೆಗೆ ಟೀಚರೇ ಪೂರ್ತಿ ಹೇಳಿಕೊಡಬೇಕು, ಇನ್ನೊಂದಕ್ಕೆ ಅರ್ಧ ಸಹಾಯ. ಆಮೇಲೆ ಗೆಳೆಯರ ಸಹಾಯದ ತಟ್ಟೆಗಳು. ಕೊನೆಯದು ತಾನೇ ಕಲಿಯುವ ತಟ್ಟೆ. ಮಗು ಒಂದು ಕಾರ್ಡ್ ಮುಗಿಸಿದ ಹಾಗೆ ತಟ್ಟೆ ಬದಲಾಯಿಸುತ್ತದೆ.

ನನಗೆ ಯಾವಾಗಲೂ ಆಶ್ಚರ್ಯ ಆಗುವುದು ಆ ಗೆಳೆಯರ ತಟ್ಟೆಯಲ್ಲೇ. ಎರಡನೇ ತರಗತಿಯ ಹುಡುಗಿ ಮೂರನೇ ತರಗತಿಯ ಹುಡುಗನಿಗೆ ಒತ್ತಕ್ಷರ ಹೇಳಿಕೊಡುತ್ತಾಳೆ. ಅವನಿಗೆ ಅದರಲ್ಲಿ ಅವಮಾನವೇ ಇಲ್ಲ. ನಾಳೆ ಲೆಕ್ಕದಲ್ಲಿ ಇವನೇ ಅವಳಿಗೆ ಹೇಳಿಕೊಡುತ್ತಾನೆ. ಅಲ್ಲಿ ಸೀನಿಯರ್ ಯಾರು, ಜೂನಿಯರ್ ಯಾರು?

ಬೇಜಾರಿನ ಮಾತು ಮುಂದಿದೆ. ನಾಲ್ಕನೇ ತರಗತಿಗೆ ಹೋದ ದಿನ ಮಕ್ಕಳು ಸಾಲಾಗಿ ಬೋರ್ಡಿನ ಕಡೆ ಮುಖ ಮಾಡಿ ಕೂರುತ್ತಾರೆ. ಕ್ಲಾಸ್ ಲೀಡರ್ ಬರುತ್ತಾನೆ, ಕೈಗೆ ಸೀಮೆಸುಣ್ಣ ಸಿಗುತ್ತದೆ. ಮೂರು ವರ್ಷ ಪಕ್ಕದವರಿಗೆ ಹೇಳಿಕೊಟ್ಟಿದ್ದಕ್ಕೆ ಶಭಾಷ್ ಅನ್ನಿಸಿಕೊಂಡ ಮಗು ಈಗ ಅದೇ ತಪ್ಪಿಗೆ ಏಟು ತಿನ್ನುತ್ತದೆ. ತಂದೆತಾಯಿಗೂ ಅದೇ ಇಷ್ಟ. ‘ಟೀಚರ್, ನಿಮ್ಮ ಕ್ಲಾಸಲ್ಲಿ ಮಕ್ಕಳು ಬರೀ ಆಟ ಆಡ್ತವೆ, ಸದ್ದು ಜಾಸ್ತಿ’ ಅಂತ ನನಗೇ ಹೇಳಿದ್ದಾರೆ.

ಲೆಕ್ಕ ಹಾಕಿ ನೋಡಿ. 2009-10ರಲ್ಲಿ ಒಂದನೇ ತರಗತಿ ಸೇರಿದವರು 2021ರ ಹೊತ್ತಿಗೆ ಡಿಗ್ರಿಗೆ ಬಂದರು. ನಿಮ್ಮ ಹಾಸ್ಟೆಲ್ಲಿನ ಆ ಹುಡುಗನೂ, ಆ ಸೀನಿಯರ್‌ಗಳೂ ಚಿಕ್ಕವರಿದ್ದಾಗ ಹೀಗೆ ಗುಂಡಗೆ ಕೂತವರೇ ಇರಬಹುದು. ಒಮ್ಮೆ ಕೇಳಿ ನೋಡಿ.

ಕಾನೂನು ಪುಸ್ತಕ | ಮಂಗಳವಾರ, ಬೆಳಗ್ಗೆ 7:10

ಎಲ್ಲ ಚೆನ್ನಾಗಿದೆ, ಆದರೆ ಕ್ಷಮಿಸಿ, ರ‍್ಯಾಗಿಂಗ್ ನಿಲ್ಲುವುದು ಕೇಸ್ ಬಿದ್ದಾಗ. 1983ರ ಕರ್ನಾಟಕ ಶಿಕ್ಷಣ ಕಾಯ್ದೆಯಲ್ಲೇ ನಿಷೇಧ ಇದೆ. 2009ರಲ್ಲಿ ಹಿಮಾಚಲದ ಮೆಡಿಕಲ್ ಕಾಲೇಜಿನಲ್ಲಿ ಒಬ್ಬ ಹುಡುಗ ಸೀನಿಯರ್‌ಗಳ ಹೊಡೆತಕ್ಕೆ ಸತ್ತ. ಅದೇ ವರ್ಷ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಕಟ್ಟುನಿಟ್ಟಿನ ನಿಯಮ ತಂದಿತು. ಪ್ರತಿ ಕಾಲೇಜಿನಲ್ಲೂ ಸಮಿತಿ, ಸ್ಕ್ವಾಡ್, ವಿದ್ಯಾರ್ಥಿ ಮತ್ತು ತಂದೆತಾಯಿಯಿಂದ ಪ್ರಮಾಣಪತ್ರ, 1800-180-5522 ಸಹಾಯವಾಣಿ, ಎಲ್ಲವೂ ಇದೆ. ನೀತಿಪಾಠದ ಪೀರಿಯಡ್ ನಮ್ಮ ಕಾಲದಲ್ಲೂ ಇತ್ತು. ಪ್ರತಿ ವಾರ ಗಣಿತದ ಮೇಷ್ಟ್ರು ಬಂದು ಅದನ್ನು ಸಾಲ ತೆಗೆದುಕೊಂಡು ಹೋಗುತ್ತಿದ್ದರು. ಯಾವತ್ತೂ ವಾಪಸ್ ಕೊಡಲಿಲ್ಲ.

ಹಾಸ್ಟೆಲ್ ಮೇಷ್ಟ್ರು | ಮಂಗಳವಾರ, ಬೆಳಗ್ಗೆ 8:30

ಹ್ಹ ಹ್ಹ, ನಮ್ಮ ಗಣಿತದ ಮೇಷ್ಟ್ರೂ ಅದೇ ಕಳ್ಳತನ ಮಾಡುತ್ತಿದ್ದರು.

ಕಾನೂನು ಬೇಕು ಸರ್. ಅದಿಲ್ಲದಿದ್ದರೆ ನಾನು ರಾತ್ರಿ ನೆಮ್ಮದಿಯಾಗಿ ಮಲಗಲು ಆಗುತ್ತಿರಲಿಲ್ಲ. ಆದರೆ ಆ ಪ್ರಮಾಣಪತ್ರ ತುಂಬುವುದು ಎಲ್ಲಿ ಗೊತ್ತಾ? ಸೈಬರ್ ಸೆಂಟರಿನಲ್ಲಿ. ಅಲ್ಲಿನ ಹುಡುಗನೇ ಟಿಕ್ ಹಾಕಿ ಪ್ರಿಂಟ್ ಕೊಡುತ್ತಾನೆ, ಇವರು ಸಹಿ ಹಾಕುತ್ತಾರೆ. ಓದಿದವರನ್ನು ನಾನು ನೋಡಿಲ್ಲ. ಮೊದಲು ವರಾಂಡದಲ್ಲಿ ನಡೆಯುತ್ತಿದ್ದದ್ದು ಈಗ ರೂಮಿನೊಳಗೆ, ವಾಟ್ಸಾಪ್ ಗ್ರೂಪಿನೊಳಗೆ ಹೋಗಿದೆ. ಇನ್ನು ಮೆಸ್ಸಿನ ಸಾಲಿನಲ್ಲಿ ಒಬ್ಬ ಇನ್ನೊಬ್ಬನನ್ನು ಬರೀ ತಿರುಗಿ ನೋಡಿದ್ದಕ್ಕೆ ಯಾವ ಸೆಕ್ಷನ್ ಹಾಕಲಿ?

ಶಿವಾಲಿಕ್ ಹೌಸ್ | ಮಂಗಳವಾರ, ಮಧ್ಯಾಹ್ನ 1:15

ಹೆಸರು ನೋಡಿದರೆ ನವೋದಯ ವಸತಿ ಶಾಲೆಯವರಿಗೆ ಗೊತ್ತಾಗಿಬಿಡುತ್ತದೆ. ಅರಾವಳಿ, ನೀಲಗಿರಿ, ಶಿವಾಲಿಕ್, ಉದಯಗಿರಿ. ದೇಶದ ಯಾವ ನವೋದಯಕ್ಕೆ ಹೋದರೂ ಇವೇ ನಾಲ್ಕು ಹೌಸ್.

ನಾನು ಆರನೇ ತರಗತಿಗೆ ಸೇರಿದೆ. ನವೋದಯದಲ್ಲಿ ‘ಮೈಗ್ರೇಷನ್’ ಅಂತ ಒಂದಿದೆ. ಒಂಬತ್ತನೇ ತರಗತಿಗೆ ಬಂದಾಗ ಸುಮಾರು 30% ಮಕ್ಕಳನ್ನು ಒಂದು ವರ್ಷ ಬೇರೆ ಭಾಷೆಯ ರಾಜ್ಯದ ನವೋದಯಕ್ಕೆ ಕಳಿಸುತ್ತಾರೆ. ಅಲ್ಲಿಯವರು ನಮ್ಮಲ್ಲಿಗೆ, ನಮ್ಮವರು ಅಲ್ಲಿಗೆ. ನಾನು ಉತ್ತರ ಭಾರತದ ಒಂದು ಶಾಲೆಗೆ ಹೋದೆ. ಅಮ್ಮ ರೈಲ್ವೆ ಸ್ಟೇಷನ್ನಿನಲ್ಲಿ ಒಂದು ಡಬ್ಬಿ ಚಟ್ನಿಪುಡಿ ಕೊಟ್ಟು ಅತ್ತಿದ್ದು ಇನ್ನೂ ಕಣ್ಣ ಮುಂದಿದೆ.

ಮೊದಲ ತಿಂಗಳು ನರಕ. ನನ್ನ ಹಿಂದಿ ಕೇಳಿ ಎಲ್ಲರೂ ನಗುತ್ತಿದ್ದರು. ‘ಮದ್ರಾಸಿ’ ಅನ್ನುತ್ತಿದ್ದರು. ಮದ್ರಾಸು ನಾನು ನೋಡಿಯೇ ಇರಲಿಲ್ಲ. ಅನ್ನ ಕಾಣಲು ಕಾಯಬೇಕಾಗಿತ್ತು. ಒಂದು ರಾತ್ರಿ ಪಕ್ಕದ ಮಂಚದವನ ಜೊತೆ ಹೊಡೆದಾಟವೇ ಆಯಿತು. ಹೌಸ್ ಮಾಸ್ಟರ್ ಹೊಡೆಯಲಿಲ್ಲ. ಒಂದು ತಿಂಗಳು ಇಬ್ಬರಿಗೂ ಒಟ್ಟಿಗೆ ಮೆಸ್ ಡ್ಯೂಟಿ ಹಾಕಿದರು. ಬೆಳಗ್ಗೆ ಐದಕ್ಕೆ ಎದ್ದು ಇಬ್ಬರೂ ಸೇರಿ ಹಾಲಿನ ಕ್ಯಾನ್ ಎತ್ತಬೇಕು. ಒಬ್ಬನ ಕೈಯಲ್ಲಿ ಆಗದ ಭಾರ ಅದು. ಮೂರು ದಿನ ಮಾತಿಲ್ಲದೆ ಎತ್ತಿದೆವು. ನಾಲ್ಕನೇ ದಿನ ಹಾಲು ಚೆಲ್ಲಿತು, ಇಬ್ಬರೂ ಸೇರಿಯೇ ಸುಳ್ಳು ಹೇಳಬೇಕಾಯಿತು. ಆಮೇಲೆ ದೋಸ್ತಿ. ನನ್ನ ಚಟ್ನಿಪುಡಿ ಖಾಲಿ ಮಾಡಿದವನೂ ಅವನೇ.

ಮುಂದೆ ಬೆಂಗಳೂರಿನಲ್ಲಿ ಯೂನಿವರ್ಸಿಟಿ ಹಾಸ್ಟೆಲ್ ಸೇರಿದಾಗ ಇದು ಕೆಲಸಕ್ಕೆ ಬಂತು. ಕ್ರಿಕೆಟ್ ಮ್ಯಾಚ್ ದಿನ ಟೀವಿ ರೂಮಿನಲ್ಲಿ ಕಾಮೆಂಟರಿ ಯಾವ ಭಾಷೆಯಲ್ಲಿ ಹಾಕಬೇಕು ಅಂತ ಜಗಳ. ‘ಕನ್ನಡ ಬರಲ್ಲ ಅಂದ್ರೆ ಯಾಕೆ ಬಂದೆ’ ಅನ್ನುವ ಮಟ್ಟಕ್ಕೆ ಹೋಯಿತು. ನನಗೆ ಎರಡೂ ಕಡೆಯ ಸಿಟ್ಟು ಅರ್ಥ ಆಗುತ್ತಿತ್ತು. ಬೇರೆ ಊರಲ್ಲಿ ಭಾಷೆ ಬರದೆ ನಿಂತರೆ ಹೇಗಿರುತ್ತದೆ ಅಂತ ಗೊತ್ತಿತ್ತು. ನಮ್ಮ ಊರಲ್ಲೇ ನಮ್ಮ ಭಾಷೆ ನಡೆಯದಿದ್ದರೆ ಹೇಗಿರುತ್ತದೆ ಅಂತಲೂ ಗೊತ್ತಿತ್ತು. ಮ್ಯಾಚಿನ ಮೊದಲ ಅರ್ಧ ಕನ್ನಡ, ಎರಡನೇ ಅರ್ಧ ಹಿಂದಿ ಅಂತ ಮಾಡಿದೆವು. ಇದೇನು ದೊಡ್ಡ ಉಪಾಯ ಅಲ್ಲ, ಆ ಹೊತ್ತಿಗೆ ಎದ್ದು ನಿಂತು ಹೇಳುವವರು ಬೇಕಿತ್ತು ಅಷ್ಟೆ.

ನವೋದಯ ಸ್ವರ್ಗ ಅಂತ ಹೇಳುತ್ತಿಲ್ಲ. ಸೀನಿಯರ್‌ಗಳ ಬಟ್ಟೆ ಒಗೆದಿದ್ದೇನೆ. ಹನ್ನೊಂದನೇ ತರಗತಿಗೆ ಬಂದಾಗ ನಾನೂ ಒಬ್ಬನ ಕೈಯಲ್ಲಿ ಒಗೆಸಿದ್ದೇನೆ. ಅದೂ ಶಾಲೆಯಲ್ಲೇ ಕಲಿತದ್ದು.

ಕುಡ್ಲದ ಹುಡುಗಿ | ಮಂಗಳವಾರ, ರಾತ್ರಿ 9:50

ನಮ್ಮ ಕರಾವಳಿಯ ಬಗ್ಗೆ ಯಾರಾದರೂ ಬರೆಯುತ್ತಾರೇನೋ ಅಂತ ಕಾಯುತ್ತಿದ್ದೆ.

ಎಸ್ಸೆಸ್ಸೆಲ್ಸಿ, ಪಿಯುಸಿ ರಿಸಲ್ಟ್ ಬಂದ ದಿನ ಪೇಪರ್ ನೋಡಿ. ದಕ್ಷಿಣ ಕನ್ನಡ, ಉಡುಪಿ ಹೆಚ್ಚಿನ ಸಲ ಮೇಲೆಯೇ ಇರುತ್ತವೆ. ಶಿಸ್ತಿಗೂ ನಮಗೆ ಹೆಸರು. ಓದಿದರೆ ಶಾಂತಿ ತಾನಾಗಿ ಬರುತ್ತದೆ ಅನ್ನುವ ಹಾಗಿದ್ದರೆ ನಮ್ಮ ಕಡೆ ಇಷ್ಟು ಸಲ 144 ಸೆಕ್ಷನ್ ಹಾಕಬೇಕಾಗಿರಲಿಲ್ಲ.

ನಾನು ಓದಿದ್ದು ನಮ್ಮವರೇ ನಡೆಸುವ ಶಾಲೆಯಲ್ಲಿ. ಬ್ಯಾರಿ ಮುಸ್ಲಿಮರ ಶಾಲೆ ಬೇರೆ, ಕ್ರಿಶ್ಚಿಯನ್ನರ ಶಾಲೆ ಬೇರೆ. ಎಲ್ಲ ಒಳ್ಳೆಯ ಶಾಲೆಗಳೇ. ನಮ್ಮ ಕ್ಲಾಸಿನಲ್ಲಿ 46 ಮಕ್ಕಳು, ಒಬ್ಬರೂ ಮುಸ್ಲಿಂ ಇರಲಿಲ್ಲ. ಸರ್ವಧರ್ಮ ಸಮಾನತೆ ಅಂತ ಪ್ರಬಂಧ ಬರೆದು ನನಗೆ ಪ್ರೈಜ್ ಬಂದಿತ್ತು! ಮೊದಲ ಮುಸ್ಲಿಂ ಗೆಳತಿ ಸಿಕ್ಕಿದ್ದು ಪಿಯುಸಿಯಲ್ಲಿ. ಒಂದೇ ಬಸ್ಸು, ಒಂದೇ ಬೆಂಚು. ಅವಳ ತುಳು ನನ್ನದಕ್ಕಿಂತ ಚೆಂದ.

ನಾವು ಸೆಕೆಂಡ್ ಪಿಯುಸಿಯಲ್ಲಿದ್ದಾಗ ಹಿಜಾಬ್ ವಿಷಯ ಬಂತು. ಫೆಬ್ರವರಿ 5, 2022ಕ್ಕೆ ಸರ್ಕಾರದ ಆದೇಶ. ಆಮೇಲೆ ಎಲ್ಲ ಕಡೆ ಗಲಾಟೆ, ಹೈಸ್ಕೂಲು ಕಾಲೇಜಿಗೆ ರಜೆ. ಮಾರ್ಚ್ 15ಕ್ಕೆ ಹೈಕೋರ್ಟ್ ತೀರ್ಪು. ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ಜಡ್ಜುಗಳ ಅಭಿಪ್ರಾಯವೂ ಬೇರೆಬೇರೆ ಆಯಿತು. ಯಾರು ಸರಿ ಅಂತ ವಾದ ಮಾಡಲು ನಾನು ಇದನ್ನು ಬರೆಯುತ್ತಿಲ್ಲ. ಆ ವಾರ ನಮ್ಮ ಕ್ಲಾಸಿನಲ್ಲಿ ಏನಾಯಿತು ಅಂತ ಹೇಳುತ್ತೇನೆ. ಎರಡು ವರ್ಷ ಒಟ್ಟಿಗೆ ಕೂತವರು ನಾವು, ಒಬ್ಬರಿಗೂ ಇನ್ನೊಬ್ಬರ ಜೊತೆ ಆ ವಿಷಯ ಮಾತಾಡಲು ಬರಲಿಲ್ಲ. ‘ನಿನಗೆ ಹೇಗನ್ನಿಸ್ತಿದೆ’ ಅಂತ ಕೇಳಲು ಬಾಯಿ ಬರಲಿಲ್ಲ. ಶಾಲೆಯಲ್ಲಿ ಇಂಥ ಮಾತು ಬಂದಾಗಲೆಲ್ಲ ‘ಅದೆಲ್ಲ ಇಲ್ಲಿ ಬೇಡ’ ಅಂತ ಟೀಚರ್ ಹೇಳಿ ಮುಗಿಸುತ್ತಿದ್ದರು. ಅದನ್ನೇ ನಾವು ಶಾಂತಿ ಅಂದುಕೊಂಡಿದ್ದೆವು. ಮಾತಾಡಿ ಅಭ್ಯಾಸ ಇಲ್ಲದವರ ಬಾಯಲ್ಲಿ ಘೋಷಣೆ ಮಾತ್ರ ಬಂತು.

ಅವಳು ಈಗ ಎಲ್ಲಿದ್ದಾಳೆ ಅಂತ ನನಗೆ ಗೊತ್ತಿಲ್ಲ. ಹುಡುಕಲಿಲ್ಲ ಅನ್ನುವುದೂ ನಿಜ.

ಮೂಕ ಸಾಕ್ಷಿ | ಮಂಗಳವಾರ, ರಾತ್ರಿ 10:05

ಇಂಥ ವಿಷಯ ಇಲ್ಲಿ ಬೇಡ ದಯವಿಟ್ಟು. ಒಳ್ಳೆ ಚರ್ಚೆ ಹಾಳಾಗುತ್ತದೆ.

ನಲಿಕಲಿ ಟೀಚರ್ | ಮಂಗಳವಾರ, ರಾತ್ರಿ 10:20

ನೋಡಿ, ಬಾಯಿ ಮೇಲೆ ಬೆರಳು ಇಲ್ಲಿಗೂ ಬಂತು.

ಬೇಜಾರು ಮಾಡಿಕೊಳ್ಳಬೇಡಿ, ತಮಾಷೆಗೆ ಅಂದೆ. ನಿಮ್ಮ ಹೆದರಿಕೆ ನನಗೂ ಇದೆ. ಕ್ಲಾಸಿನಲ್ಲಿ ಮಗು ‘ಟೀಚರ್, ಅವನ ಮನೇಲಿ ನೀರು ಕುಡೀಬೇಡ ಅಂತ ಅಜ್ಜಿ ಹೇಳಿದಾಳೆ’ ಅಂದಾಗ ನಾನೂ ಪಾಠದ ಕಡೆ ಓಡಿಹೋಗಿದ್ದೇನೆ. 2023ರಿಂದ ಪ್ರಾರ್ಥನೆ ಹೊತ್ತಿನಲ್ಲಿ ಸಂವಿಧಾನದ ಪೀಠಿಕೆ ಓದಿಸುತ್ತಿದ್ದೇವೆ. ಮಕ್ಕಳು ಗಟ್ಟಿಯಾಗಿ, ಚೆಂದವಾಗಿ ಓದುತ್ತಾರೆ. ಆ ಅಜ್ಜಿಯ ಮಾತಿಗೆ ಮಾತ್ರ ನಾನು ಇನ್ನೂ ಉತ್ತರ ಕೊಟ್ಟಿಲ್ಲ. ಕುಡ್ಲದ ಹುಡುಗಿ, ನೀನು ಬರೆದದ್ದು ಒಳ್ಳೆಯದಾಯಿತಮ್ಮ.

ತೊಗರಿ ಹೊಲ | ಬುಧವಾರ, ಸಂಜೆ 6:00

ನಮ್ಮದು ಕಲಬುರಗಿ ಕಡೆ. ಬಿಸಿಯೂಟ 2002ರಲ್ಲಿ ಮೊದಲು ಬಂದದ್ದು ನಮ್ಮ ಭಾಗಕ್ಕೇ, ಆಮೇಲೆ ಉಳಿದ ಕಡೆ.

ನೀರು ಕುಡಿಯುವ ಮಾತು ಬಂತಲ್ಲ ಟೀಚರ್, ಅದಕ್ಕೇ ಬರೆಯುತ್ತಿದ್ದೇನೆ. ಅಡುಗೆ ಮಾಡುವವರ ಜಾತಿ ನೋಡಿ ಊಟ ಬಿಡಿಸಿದ್ದು, ಮಕ್ಕಳ ಟಿಸಿ ತೆಗೆಸಿದ್ದು ನೀವೆಲ್ಲ ಪೇಪರಿನಲ್ಲಿ ಓದಿರುತ್ತೀರಿ. ನಮ್ಮ ಊರಲ್ಲೂ ಶುರುವಿನಲ್ಲಿ ಗುಸುಗುಸು ಇತ್ತಂತೆ. ಹೆಡ್‌ಮಾಸ್ತರ್ ಭಾಷಣ ಮಾಡಲಿಲ್ಲ. ದಿನಾ ಮೊದಲ ತಟ್ಟೆ ತಾವೇ ಹಿಡಿದು ಮಕ್ಕಳ ಪಂಕ್ತಿಯ ನಡುವೆ ಕೂತು ಉಂಡರು. ಅವರು ಊರಿನ ದೊಡ್ಡ ಮನೆತನದವರು. ಅವರೇ ಉಂಡ ಮೇಲೆ ಯಾರು ಏನು ಹೇಳಲಿಕ್ಕೆ ಆಗುತ್ತದೆ? ನಾನು ಶಾಲೆಗೆ ಸೇರುವಷ್ಟರಲ್ಲಿ ಅದೊಂದು ವಿಷಯವೇ ಆಗಿರಲಿಲ್ಲ. ಯಾರ ಪಕ್ಕ ಯಾರು ಕೂರಬೇಕು ಅಂತ ನಾನು ಏಳು ವರ್ಷ ಯೋಚಿಸಿಯೇ ಇಲ್ಲ.

ಎಂಎಗೆ ಅಂತ ಯೂನಿವರ್ಸಿಟಿಗೆ ಬಂದಾಗ ಮೆಸ್ಸಿನಲ್ಲಿ ಮೂಲೆಯ ಎರಡು ಟೇಬಲ್ ‘ನಮ್ಮವರದ್ದು’ ಅಂತ ಒಂದು ಗುಂಪು ಹಿಡಿದಿತ್ತು. ಬೋರ್ಡು ಇಲ್ಲ, ರೂಲು ಇಲ್ಲ, ಎಲ್ಲರಿಗೂ ಗೊತ್ತು ಅಷ್ಟೆ. ನನಗೆ ಗೊತ್ತಿರಲಿಲ್ಲ, ಹೋಗಿ ಕೂತೆ. ಮಾತು ನಿಂತಿತು. ಎದ್ದು ಹೋಗಬೇಕು ಅಂತ ನನಗೆ ಹೊಳೆಯಲೇ ಇಲ್ಲ, ಉಂಡು ಎದ್ದೆ. ಮರುದಿನವೂ ಅಲ್ಲೇ ಕೂತೆ. ಧೈರ್ಯ ಅಂತ ಗೆಳೆಯರು ಹೊಗಳಿದರು. ಧೈರ್ಯ ಏನೂ ಅಲ್ಲ, ಕೂತು ಅಭ್ಯಾಸ. ಹದಿನೈದು ದಿನಕ್ಕೆ ಅವರಲ್ಲೇ ಒಬ್ಬ ಉಪ್ಪಿನಕಾಯಿ ಸರಿಸಿದ.

ಮೊಟ್ಟೆ ವಿಷಯವೂ ಹಾಗೇ. 2021ರ ಡಿಸೆಂಬರ್‌ನಲ್ಲಿ ನಮ್ಮ ಜಿಲ್ಲೆಗಳಲ್ಲಿ ಬಿಸಿಯೂಟಕ್ಕೆ ಮೊಟ್ಟೆ ಬಂತು. ತಿನ್ನದವರಿಗೆ ಬಾಳೆಹಣ್ಣು. ಟೀವಿಯಲ್ಲಿ ದೊಡ್ಡವರ ಜಗಳ ನಡೆದಿತ್ತು. ನನ್ನ ತಂಗಿಯ ಶಾಲೆಯಲ್ಲಿ ಜಗಳ ಇದ್ದದ್ದು ಯಾರ ಬಾಳೆಹಣ್ಣು ದೊಡ್ಡದು ಅಂತ.

ಕ್ಯಾಂಪ್ ಆಂಟಿ | ಬುಧವಾರ, ರಾತ್ರಿ 8:45

ಸಂತೋಷ ಆಯಿತು ಓದಿ. ನಾನು ಕಾಲೇಜಿನಲ್ಲಿ ಹಲವು ವರ್ಷ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ನೋಡಿಕೊಂಡವಳು. ಗಾಂಧಿ ಶತಾಬ್ದಿ ವರ್ಷ 1969ರಲ್ಲಿ 37 ವಿಶ್ವವಿದ್ಯಾಲಯಗಳಲ್ಲಿ ಶುರುವಾದ ಯೋಜನೆ ಇದು. ಏಳು ದಿನದ ಹಳ್ಳಿ ಕ್ಯಾಂಪ್ ಅದರ ಜೀವ.

ಮೊದಲ ದಿನವೇ ನನಗೆ ಗೊತ್ತಾಗುತ್ತಿತ್ತು, ಯಾರು ಯಾವ ಥರದ ಶಾಲೆಯಿಂದ ಬಂದವರು ಅಂತ. ಪೊರಕೆ ಕೊಟ್ಟರೆ ಸಾಕು. ಸರದಿ ಪ್ರಕಾರ ಎಲ್ಲರೂ ಕಸ ಗುಡಿಸಿದ ಶಾಲೆಯವರು ತೆಗೆದುಕೊಂಡು ಗುಡಿಸುತ್ತಾರೆ. ಕೆಲವು ಹುಡುಗರು ಪೊರಕೆಯನ್ನು ಪಕ್ಕದ ಹುಡುಗಿಗೆ ದಾಟಿಸುತ್ತಾರೆ. ಹುಡುಗಿಯರು ಗುಡಿಸುವುದು, ಹುಡುಗರು ಮೇಷ್ಟ್ರ ಬೈಕ್ ಒರೆಸುವುದು, ಅವರು ಕಂಡ ಸರದಿ ಅದು. ಇನ್ನೂ ಕೆಟ್ಟದ್ದು ಇದೆ. ಟಾಯ್ಲೆಟ್ ತೊಳೆಯಲು ಯಾವಾಗಲೂ ಅದೇ ಇಬ್ಬರನ್ನು ಕಳಿಸುತ್ತಿದ್ದ ಶಾಲೆಗಳು. ಆ ಇಬ್ಬರು ಕ್ಯಾಂಪಿಗೆ ಬಂದರೆ ಹೇಳುವ ಮೊದಲೇ ಬಕೆಟ್ ಹಿಡಿದು ಹೋಗುತ್ತಿದ್ದರು. ಅವರನ್ನು ತಡೆದು ಅಡುಗೆ ಕಡೆ ಕಳಿಸುವುದೇ ನನಗೆ ಕಷ್ಟದ ಕೆಲಸ ಆಗಿತ್ತು. ಮೇಷ್ಟ್ರೇ, ನಿಮ್ಮ ಕೈಕಟ್ಟಿದ ಹುಡುಗನ ಬಗ್ಗೆ ಓದಿದಾಗ ನೆನಪಾದದ್ದು ಅವರೇ.

ಕಾನೂನು ಪುಸ್ತಕ | ಬುಧವಾರ, ರಾತ್ರಿ 11:30

ನಾನು ಕ್ಲಾಸ್ ಲೀಡರ್ ಆಗಿದ್ದೆ. ಏಳನೇ ತರಗತಿ. ಹೇಳಬಾರದು ಅಂದುಕೊಂಡಿದ್ದೆ.

ಬೋರ್ಡಿನ ಮೇಲೆ ‘ಮಾತಾಡಿದವರು’ ಅಂತ ಬರೆದು ಕೆಳಗೆ ಹೆಸರು. ಮತ್ತೆ ಮಾತಾಡಿದರೆ ಮುಂದೆ ಇಂಟು ಮಾರ್ಕ್. ಒಂದು ಇಂಟಿಗೆ ಒಂದು ಏಟು. ನನಗೆ ಪೆನ್ಸಿಲ್ ಕೊಟ್ಟವರ ಹೆಸರು ಅಳಿಸುತ್ತಿದ್ದೆ. ಒಬ್ಬ ಹುಡುಗಿ ನೋಟ್ಸ್ ಕೊಡಲಿಲ್ಲ ಅಂತ ಐದು ಇಂಟು ಹಾಕಿದೆ, ಅವಳು ಮಾತಾಡಿಯೇ ಇರಲಿಲ್ಲ. ಮೇಷ್ಟ್ರು ಕೇಳಲೂ ಇಲ್ಲ. ಈಗ ಕೋರ್ಟಿನಲ್ಲಿ ‘ಆರೋಪಿಯ ಮಾತನ್ನೂ ಕೇಳಬೇಕು’ ಅಂತ ವಾದ ಮಾಡುತ್ತೇನೆ. ನನ್ನ ಮೊದಲ ವಕೀಲಿಕೆ ಅದಕ್ಕೆ ವಿರುದ್ಧವಾಗಿ ನಡೆದಿತ್ತು ನೋಡಿ.

ಆದರೂ ಕಾನೂನು ಬೇಕು. ಆ ಮಾತು ಬಿಡಲ್ಲ.

ಪಿಯುಸಿ ಅಪ್ಪ | ಗುರುವಾರ, ಬೆಳಗ್ಗೆ 6:20

ನನ್ನ ಮಗ ನೀಟ್ ಕೋಚಿಂಗ್ ಇರುವ ಕಾಲೇಜಿನಲ್ಲಿದ್ದಾನೆ. ಬೆಳಗ್ಗೆ ಐದೂವರೆಗೆ ಸ್ಟಡಿ ಅವರ್, ರಾತ್ರಿ ಹತ್ತಕ್ಕೆ ಲೈಟ್ ಆಫ್. ರ‍್ಯಾಂಕ್ ಪ್ರಕಾರ ಸೆಕ್ಷನ್, ತಿಂಗಳಿಗೊಮ್ಮೆ ಬದಲು. ಜಗಳವೇ ಇಲ್ಲ. ಮೊನ್ನೆ ರಜೆಗೆ ಬಂದಾಗ ರೂಮ್‌ಮೇಟ್ ಹೆಸರು ಕೇಳಿದೆ. ‘ಯಾವ ತಿಂಗಳಿನವನು ಅಪ್ಪಾ?’ ಅಂದ.

ಹಾಸ್ಟೆಲ್ ಮೇಷ್ಟ್ರು | ಮೂರು ವಾರದ ನಂತರ, ಭಾನುವಾರ ರಾತ್ರಿ 11:10

ಎಲ್ಲರಿಗೂ ಉತ್ತರ ಬರೆಯಲು ಆಗಲಿಲ್ಲ. ಪರೀಕ್ಷೆ, ಅದರ ನಡುವೆ ನೀರಿನ ಮೋಟಾರ್ ಸುಟ್ಟಿತು.

ಟೀಚರ್ ಹೇಳಿದ ಹಾಗೆ ಕೇಳಿ ನೋಡಿದೆ. 120 ಹುಡುಗರಲ್ಲಿ ಅರ್ಧಕ್ಕಿಂತ ಜಾಸ್ತಿ ನಲಿಕಲಿಯವರೇ! ಆ ಡಿಸಿಪ್ಲಿನ್ ಸೀನಿಯರ್ ಕೂಡ. ‘ಹೌದು ಸರ್, ಮೇಲೆ ದಾರದ ಚಪ್ಪರ ಇರ್ತಿತ್ತು, ನಾವು ಮಾಡಿದ್ದನ್ನೆಲ್ಲ ಅದರಲ್ಲಿ ನೇತು ಹಾಕ್ತಿದ್ರು’ ಅಂದ. ನೆನಪಾದಾಗ ಅವನ ಮುಖವೇ ಬೇರೆ ಆಗಿತ್ತು.

ಅದನ್ನೇ ಹಿಡಿದುಕೊಂಡು ಒಂದು ಪ್ರಯೋಗ ಮಾಡಿದೆ. ಮೆಸ್ ಹಾಲಿನ ಟೇಬಲ್ ಸರಿಸಿ ಎಲ್ಲರನ್ನೂ ನೆಲದ ಮೇಲೆ ಗುಂಡಗೆ ಕೂರಿಸಿದೆ. ಮೊದಲು ಮೊದಲ ವರ್ಷದವರು ಮಾತಾಡಬೇಕು, ಅವರು ಮುಗಿಸುವ ತನಕ ಉಳಿದವರು ಕೇಳಬೇಕು ಅಂತ ಒಂದೇ ನಿಯಮ. ಇಪ್ಪತ್ತು ನಿಮಿಷ ಯಾರೂ ತುಟಿ ಬಿಚ್ಚಲಿಲ್ಲ. ಫ್ಯಾನಿನ ಸದ್ದು ಬಿಟ್ಟರೆ ಬೇರೆ ಇಲ್ಲ. ನನಗೇ ಎದ್ದು ಹೋಗೋಣ ಅನಿಸಿತು. ಕೊನೆಗೆ ಯಾರೋ ಸಾಂಬಾರಿನಲ್ಲಿ ತರಕಾರಿ ಹುಡುಕಬೇಕು ಅಂದ. ಎಲ್ಲರೂ ನಕ್ಕರು. ಆಮೇಲೆ ಬಾತ್‌ರೂಮಿನ ಬೋಲ್ಟು, ವೈಫೈ, ರಾತ್ರಿ ಸ್ಪೀಕರ್.

ಕೈಕಟ್ಟಿ ನಿಂತಿದ್ದ ಹುಡುಗ ಒಂದೇ ವಾಕ್ಯ ಹೇಳಿದ: ‘ಸಾಲಲ್ಲಿ ಬಂದ್ರೆ ಎಲ್ರಿಗೂ ಚಪಾತಿ ಬಿಸಿ ಇರುತ್ತೆ ಸರ್.’ ತಲೆ ಎತ್ತಲಿಲ್ಲ, ನನ್ನನ್ನು ನೋಡಿ ಹೇಳಿದನೋ, ನೆಲ ನೋಡಿ ಹೇಳಿದನೋ ಗೊತ್ತಾಗಲಿಲ್ಲ.

ತೊಗರಿ ಹೊಲದವರ ಹೆಡ್‌ಮಾಸ್ತರ್ ನೆನಪಾಗಿ ನಾನೂ ಈಗ ವಾರಕ್ಕೆ ನಾಲ್ಕು ರಾತ್ರಿ ತಟ್ಟೆ ಹಿಡಿದು ಸಾಲಿನ ಕೊನೆಯಲ್ಲಿ ನಿಲ್ಲುತ್ತೇನೆ. ಮನೆಯಲ್ಲಿ ಹೆಂಡತಿಗೆ ಸ್ವಲ್ಪ ಬೇಜಾರು. ಬಡಿಸಲು ಸರದಿ ಹಾಕಿದ್ದೇವೆ, ಮೂರನೇ ವರ್ಷದವರಿಂದ ಶುರು. ನಾಲ್ವರಲ್ಲಿ ಮೂವರು ಬಂದರು. ಆ ಚಪ್ಪರದ ನೆನಪು ಹೇಳಿದವನು ಬರಲಿಲ್ಲ, ಅವತ್ತು ಹೋಟೆಲಿನಲ್ಲಿ ಊಟ ಮಾಡಿದನಂತೆ.

ನಲಿಕಲಿ ಟೀಚರ್ | ಭಾನುವಾರ, ರಾತ್ರಿ 11:40

ಅವನಿಗೆ ಮುಂದಿನ ವಾರ ಆ ಹುಡುಗನ ಜೊತೆಯೇ ಸರದಿ ಹಾಕಿ ಮೇಷ್ಟ್ರೇ. ಸಾಂಬಾರಿನ ದೊಡ್ಡ ಪಾತ್ರೆ ಇಬ್ಬರೇ ಎತ್ತಬೇಕು ಅನ್ನಿ.

ನಾನು ನಾಳೆ ನಾಲ್ಕನೇ ತರಗತಿಯ ಲೀಡರ್ ಕೈಯಿಂದ ಸೀಮೆಸುಣ್ಣ ವಾಪಸ್ ತೆಗೆದುಕೊಳ್ಳುತ್ತಿದ್ದೇನೆ. ಅವನು ಅಳುತ್ತಾನೆ, ಖಂಡಿತ.